ನೋರಿನ್ ಕಡೆದ ಕ್ಯಾಮ್

ಪೈಕ್ಸ್‌ಬರೋದಲ್ಲಿ ಗಂಡಸಿನ ಯೋಗ್ಯತೆಯನ್ನು ಅಳೆಯುವುದು ಅವನ ಕಾರಿನ ಎಂಜಿನ್ನಿನ ಅಳತೆಯಿಂದ. ಮುನ್ನೂರೈವತ್ತು ಘನ ಅಂಗುಲದವನು ಸಂಸಾರಸ್ಥ. ಅದನ್ನೇ ಕೊರೆಸಿ ಹಿಗ್ಗಿಸಿ ಮುನ್ನೂರೆಂಬತ್ತಮೂರು ಮಾಡಿಕೊಂಡವನು ಮಹತ್ವಾಕಾಂಕ್ಷಿ. ನಾನೂರೈವತ್ತನಾಲ್ಕರವನು ಎದುರಾದರೆ ದಾರಿ ಬಿಡಬೇಕು. ಅಳತೆಯಲ್ಲಿ ಕಿರಿದಾದರೂ ರೇಸಿಗೆಂದೇ ಹುಟ್ಟಿದ ನಾನೂರಿಪ್ಪತ್ತೇಳರವನು ನಾಳೆ ಮಳೆ ಎಂದರೆ, ಬಿಸಿಲು ಬಿದ್ದರೂ ಜನ ಕೊಡೆ ಹಿಡಿಯುತ್ತಾರೆ. ಎಂಜಿನ್ನುಗಳ ರಾಜ ಹೆಮಿ, ಅದನ್ನು ಇಟ್ಟವನು ಊರಿಗೆ ಒಬ್ಬನೇ ಇದ್ದ. ಅವನು ತೀರಿಕೊಂಡ ದಿನ ಶಾಲೆಗೆ ರಜೆ ಕೊಟ್ಟರು.

ವರ್ಲಿನ್ ಸ್ಟಕಿ ಈ ಲೆಕ್ಕದಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ. ಅವನು ಕೋರ್ಟಿನ ಎದುರಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ನಾಲ್ಕು ಬಾಗಿಲಿನ ಬೂದು ಕಾರಿನಲ್ಲಿ ಓಡಾಡುವವನು. ಶನಿವಾರ ಸಂಜೆ ಮೇಬೆಲಳ ಹೋಟೆಲಿನ ಮುಂದಿನ ಬಯಲಲ್ಲಿ ಊರಿನ ಕಾರುಗಳೆಲ್ಲ ಎಂಜಿನ್ನಿನ ಮುಚ್ಚಳ ಎತ್ತಿಕೊಂಡು ಸಾಲಾಗಿ ನಿಂತಾಗ, ಇವನು ಒಂದು ಮೂಲೆಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದು ಕೈ ಒರೆಸಿಕೊಂಡು ಬರುತ್ತಿದ್ದ. ಅವನಿಗೊಂದು ಕೆಟ್ಟ ಅಭ್ಯಾಸವೂ ಇತ್ತು. ಕನ್ನಡಕ ಕಳಚಿ ಕುಳಿತವರ ಜೊತೆ ದಿನವಿಡೀ ವ್ಯವಹಾರವಾದ್ದರಿಂದ, ಯಾರೊಂದಿಗೆ ಮಾತಾಡಿದರೂ ಮುಖಕ್ಕೆ ಮುಖ ಕೊಟ್ಟು ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದ. ಪೈಕ್ಸ್‌ಬರೋದಲ್ಲಿ ಅದು ಅಸಭ್ಯ. ಇಲ್ಲಿ ಇಬ್ಬರು ಗಂಡಸರು ಮಾತಾಡಬೇಕಾದರೆ ಇಬ್ಬರೂ ಎಂಜಿನ್ನಿನೊಳಗೆ ತಲೆ ತೂರಿಸಿ ಕಾರ್ಬ್ಯುರೇಟರಿಗೆ ಹೇಳುತ್ತಾರೆ. ಮದುವೆ, ಸಾವು, ಮಗಳ ವಿಚ್ಛೇದನ ಎಲ್ಲವೂ ಅಲ್ಲೇ ಇತ್ಯರ್ಥವಾಗುತ್ತವೆ.

ಹೀಗಿರುವಾಗ ವರ್ಲಿನ್‌ನ ಹೆಂಡತಿ ನೋರಿನ್‌ಳ ಚಿಕ್ಕಪ್ಪ ತೀರಿಕೊಂಡ. ಕೊಟ್ಟಿಗೆಯಲ್ಲಿ ಧೂಳು ಹಿಡಿದಿದ್ದ ಎಪ್ಪತ್ತನೇ ಇಸವಿಯ ಶೆವೆಲ್ ಕಾರನ್ನು ಅಣ್ಣನ ಮಗಳಿಗೆ ಬಿಟ್ಟುಹೋದ. ಅವಳ ತಮ್ಮ ಬಾಯ್ಡ್‌ಗೆ ಬಿಡಲಿಲ್ಲ. ಬಾಯ್ಡ್‌ಗೆ ಆಗಲೇ ಕೆಂಪು ಕಮಾರೋ ಇತ್ತು, ಮುನ್ನೂರೆಂಬತ್ತಮೂರಿತ್ತು, ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳುವಷ್ಟು ಕ್ರೋಮ್ ಇತ್ತು. ಆದರೂ ಚಿಕ್ಕಪ್ಪನನ್ನು ಮಣ್ಣು ಮಾಡಿ ಬಂದ ದಿನ ಊಟದಲ್ಲಿ ಅವನು ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಅದನ್ನು ಎಲ್ಲರೂ ಗಮನಿಸಿದರು.

ಜೂನ್ ತಿಂಗಳ ಒಂದು ಶನಿವಾರ ವರ್ಲಿನ್ ಆ ಕಾರನ್ನು ಹೊರಗೆ ತೆಗೆದ. ತೊಳೆದ, ಒರೆಸಿದ. ಒಂದು ಸಂಜೆಯಾದರೂ ಆ ಸಾಲಿನಲ್ಲಿ ನಿಲ್ಲಬೇಕೆಂಬ ಆಸೆ ಅವನಿಗೆ ಬಹಳ ದಿನದಿಂದ ಇತ್ತು.

"ಹೋಗೋದೇ ಆದ್ರೆ ಇದನ್ನೂ ಮೇಬೆಲ್‌ಗೆ ಕೊಟ್ಬಿಡು," ಎಂದು ನೋರಿನ್ ಹಳೇ ಕಂಬಳಿಯಲ್ಲಿ ಸುತ್ತಿದ, ತಾನೇ ಕಡೆದ ಐಸ್‌ಕ್ರೀಮಿನ ಡಬ್ಬಿಯನ್ನು ಅವನ ಕೈಗಿಟ್ಟಳು. "ಕರಗೋದ್ರೊಳಗೆ ಹೋಗು. ದಾರೀಲಿ ಯಾರ ಹತ್ರಾನೂ ನಿಂತ್ಕೋಬೇಡ."

ಇಲ್ಲಿ ಕ್ಯಾಮ್ ಎಂಬುದರ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಂಜಿನ್ನಿನ ಹೊಟ್ಟೆಯಲ್ಲಿ ಉಬ್ಬುತಗ್ಗಿನ ಉಕ್ಕಿನ ಕಂಬಿಯೊಂದು ತಿರುಗುತ್ತ, ಯಾವಾಗ ಉಸಿರು ಎಳೆಯಬೇಕು, ಯಾವಾಗ ಬಿಡಬೇಕು ಎಂದು ಆಜ್ಞೆ ಕೊಡುತ್ತಿರುತ್ತದೆ. ಅದೇ ಕ್ಯಾಮ್. ಅದು ಸಾಧುವಾಗಿದ್ದರೆ ಎಂಜಿನ್ ನಿಂತಲ್ಲಿ ಬೆಕ್ಕಿನಂತೆ ಗುರುಗುಡುತ್ತದೆ. ಅದು ಪುಂಡಾಗಿದ್ದರೆ ಎಂಜಿನ್ ನಿಂತಲ್ಲಿ ಎಡವುತ್ತದೆ, ನಡುಗುತ್ತದೆ, ಈಗ ಸತ್ತೆ ಎನ್ನುತ್ತದೆ. ಪೆಡಲ್ ತುಳಿದರೆ ಮಾತ್ರ ಭೂಮಿ ಬಿರಿಯುತ್ತದೆ. ಆದ್ದರಿಂದ ಎಡವುವ ಎಂಜಿನ್ ಕಂಡರೆ ತಿಳಿದವರು ತಲೆಬಾಗುತ್ತಾರೆ, ತಿಳಿಯದವರು ಮೆಕ್ಯಾನಿಕ್ಕನನ್ನು ಕರೆಯುತ್ತಾರೆ. ವರ್ಲಿನ್ ಎರಡನ್ನೂ ಮಾಡಿರಲಿಲ್ಲ. ಹಳೇ ಕಾರು ಅಂದಮೇಲೆ ಹೀಗೇ ಇರುತ್ತದೆ ಎಂದುಕೊಂಡಿದ್ದ.

ದಡಗ್... ದಡ-ದಡಗ್... ದಡಗ್.

ಶೆವೆಲ್ ಮೇಬೆಲಳ ಬಯಲಿಗೆ ತಿರುಗಿದಾಗ ಮೊದಲು ಮೇಜಿನ ಮೇಲಿನ ರೂಟ್ ಬಿಯರ್ ಲೋಟಗಳು ನಡುಗಿದವು. ಆಮೇಲೆ ಮಾತು ನಿಂತಿತು. ಮುಚ್ಚಳಗಳ ಕೆಳಗಿನಿಂದ ಒಂದೊಂದೇ ತಲೆ ಹೊರಗೆ ಬಂತು. ಹಾಲಿನ ಟ್ಯಾಂಕರ್ ಓಡಿಸುವ ಡೆಲ್ಬರ್ಟ್ ನ್ಯಾಪ್, ನಾನೂರೈವತ್ತನಾಲ್ಕರ ಒಡೆಯ, ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೇ ಮರೆತ.

ಆಗ ಲೈಮನ್ ಪ್ರೌಟ್ ಎದ್ದುನಿಂತ. ಊರಿನ ಅರ್ಧ ಎಂಜಿನ್ನುಗಳನ್ನು ಕಟ್ಟಿದವನು ಲೈಮನ್, ಇನ್ನರ್ಧವನ್ನು ಬಯ್ದವನೂ ಅವನೇ. ಅವನ ಕಿವಿ ಮೂರು ಜಿಲ್ಲೆಗಳಲ್ಲಿ ಪ್ರಸಿದ್ಧ. ಕಾರಿನ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೇಳಿದನೆಂದರೆ, ಒಳಗಿರುವ ರೋಗ, ರೋಗಕ್ಕೆ ಕಾರಣ, ಕಾರಣನಾದ ಮೂರ್ಖನ ಹೆಸರು ಮೂರೂ ಹೊರಬರುತ್ತಿದ್ದವು. ಕೇಳುವಾಗ ಯಾರು ಏನು ಪ್ರಶ್ನೆ ಹಾಕಿದರೂ ಅವನು ಉತ್ತರಿಸುತ್ತಿರಲಿಲ್ಲ. ಎಂಜಿನ್ ಮಾತಾಡುವಾಗ ಮನುಷ್ಯರ ಮಾತಿಗೆ ಕಿವಿಗೊಡಬಾರದೆಂಬುದು ಅವನ ವ್ರತವೆಂದು ಊರು ನಂಬಿತ್ತು.

ಲೈಮನ್ ಶೆವೆಲ್ಲಿನ ಮೇಲೆ ಅಂಗೈ ಇಟ್ಟ. ಕಣ್ಣು ಮುಚ್ಚಿದ. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು, ಕಾರಿನಿಂದ ಇಳಿದ ವರ್ಲಿನ್‌ನ ಮುಖವನ್ನೇ ನೋಡುತ್ತ ಕೇಳಿದ.

"ಯಾರು ಕಡೆದದ್ದು?"

ಕ್ಯಾಮ್ ಕಡೆಯುವುದೆಂದರೆ ಉಕ್ಕನ್ನು ಕೂದಲೆಳೆಯ ಲೆಕ್ಕದಲ್ಲಿ ಸವೆಸುವ ವಿದ್ಯೆ. ಅದರಲ್ಲಿ ಪಳಗಿದವರು ದೇಶಕ್ಕೆ ಬೆರಳೆಣಿಕೆಯಷ್ಟು. ವರ್ಲಿನ್‌ಗೆ ಇದು ಗೊತ್ತಿರಲಿಲ್ಲ. ಅವನ ಕಂಕುಳಲ್ಲಿ ಐಸ್‌ಕ್ರೀಮಿನ ಡಬ್ಬಿ ಸೋರುತ್ತಿತ್ತು, ಅಂಗಿ ಒದ್ದೆಯಾಗುತ್ತಿತ್ತು, ಅವನ ಧ್ಯಾನವೆಲ್ಲ ಅಲ್ಲಿತ್ತು.

"ಇದಾ? ನಮ್ಮ ನೋರಿನ್," ಎಂದ, ಅಭ್ಯಾಸದಂತೆ ಬಿಡಿಸಿ ಬಿಡಿಸಿ.

"ನಿನ್ನ ಹೆಂಡ್ತಿ?"

"ಹ್ಞೂಂ. ಅಡುಗೆಮನೇಲೇ ಕಡೀತಾಳೆ. ಕೈಯಲ್ಲೇ."

"ಕೈಯಲ್ಲಿ!"

"ಮಿಷನ್ ಅವಳಿಗೆ ಆಗಿಬರಲ್ಲ. ಕೈಯಲ್ಲಿ ತಿರುಗಿಸಿದ್ರೇನೇ ಹದ ತಿಳಿಯೋದು ಅಂತಾಳೆ."

"ಮತ್ತೆ ಗಟ್ಟಿ ಮಾಡೋದು?"

"ಐಸು, ಕಲ್ಲುಪ್ಪು. ಇನ್ನೇನು? ಅವರಜ್ಜಿ ಕಾಲದ್ದು."

ಕಾದ ಉಕ್ಕನ್ನು ಉಪ್ಪುನೀರಿನಲ್ಲಿ ಅದ್ದಿ ಗಟ್ಟಿ ಮಾಡುವುದು ಅಲ್ಲಿದ್ದವರೆಲ್ಲ ಕೇಳಿ ಬಲ್ಲ ಸಂಗತಿ. ಆದರೆ ಐಸು! ಇಷ್ಟು ವರ್ಷ ಇದು ತಮ್ಮ ತಲೆಗೆ ಹೊಳೆಯದೆ ಹೋಯಿತಲ್ಲ ಎಂದು ಡೆಲ್ಬರ್ಟ್ ಹಣೆ ಹಣೆ ಬಡಿದುಕೊಂಡ. ಲೈಮನ್ ನಿಧಾನವಾಗಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅವನು ಟೋಪಿ ತೆಗೆದದ್ದನ್ನು ಹೆಮಿಯವನ ಸಾವಿನಲ್ಲೂ ಯಾರೂ ಕಂಡಿರಲಿಲ್ಲ. ಲೈಮನ್ನನೇ ತೆಗೆದ ಮೇಲೆ ಮಿಕ್ಕವರ ತಲೆಯ ಮೇಲೆ ಟೋಪಿ ಉಳಿದೀತೆ? ಬಯಲಿನಲ್ಲಿ ಬೋಳುತಲೆಗಳು ಮಿನುಗಿದವು.

ಬಾಯ್ಡ್ ಮಾತ್ರ ನುಗ್ಗಿಕೊಂಡು ಬಂದ. "ಮುಚ್ಚಳ ಎತ್ತು ಭಾವ, ನೋಡೇಬಿಡೋಣ."

ಪೈಕ್ಸ್‌ಬರೋದಲ್ಲಿ ಇನ್ನೊಬ್ಬನ ಮುಚ್ಚಳಕ್ಕೆ ಕೈ ಹಾಕುವುದು ಅವನ ಹೆಂಡತಿಯ ಕೈಚೀಲಕ್ಕೆ ಕೈ ಹಾಕಿದಷ್ಟೇ ದೊಡ್ಡ ತಪ್ಪು, ಒಡೆಯನೇ ಎತ್ತಬೇಕು. ಆದರೆ ಆ ಮುಚ್ಚಳವನ್ನು ಎತ್ತುವುದು ಹೇಗೆಂದು ಒಡೆಯನಿಗೆ ಗೊತ್ತಿರಲಿಲ್ಲ. ಚಿಲಕ ಒಳಗಿದೆಯೋ ಹೊರಗಿದೆಯೋ ಅದೂ ತಿಳಿಯದು. ಅಷ್ಟು ಜನ ಟೋಪಿ ಕಳಚಿ ನಿಂತಿರುವಾಗ ಅದನ್ನು ಹೇಳುವುದು ಹೇಗೆ?

"ಇವತ್ತು ಬೇಡ," ಎಂದ ವರ್ಲಿನ್.

ಜನ ಉಸಿರೆಳೆದುಕೊಂಡರು. ತೋರಿಸಿ ಮೆರೆಯುವವರನ್ನು ಅವರು ದಿನವೂ ಕಂಡಿದ್ದರು. ಮುಚ್ಚಿಟ್ಟು ಮೆರೆಯುವವನನ್ನು ಕಂಡದ್ದು ಇದೇ ಮೊದಲು.

ಮರುದಿನ ಚರ್ಚು ಬಿಟ್ಟ ಮೇಲೆ ಡೆಲ್ಬರ್ಟ್ ನ್ಯಾಪ್ ಸ್ಟಕಿಯವರ ಅಡುಗೆಮನೆಯ ಬಾಗಿಲಲ್ಲಿ ಟೋಪಿ ಹಿಸುಕುತ್ತ ನಿಂತಿದ್ದ.

"ಅಮ್ಮಾ, ನಂಗೂ ಒಂದು ಕಡೆದು ಕೊಡ್ತೀರಾ?"

"ಅದಕ್ಕೇನಂತೆ," ಎಂದಳು ನೋರಿನ್. "ವೆನಿಲ್ಲಾನಾ, ಪೀಚಾ?"

ಡೆಲ್ಬರ್ಟ್ ಉಗುಳು ನುಂಗಿದ. "ಏನು ವ್ಯತ್ಯಾಸ?"

"ವೆನಿಲ್ಲಾ ದಿನಾ ಆಗುತ್ತೆ. ಪೀಚು ಸ್ವಲ್ಪ ಜೋರು, ಎಲ್ರಿಗೂ ತಡೆಯಲ್ಲ."

"ನಾನೂರೈವತ್ನಾಲ್ಕಕ್ಕೆ ಯಾವ್ದು ಒಳ್ಳೇದು?"

"ಅಯ್ಯೋ, ಅಷ್ಟು ಜನಾನಾ! ಮದುವೆಯೇನಪ್ಪಾ?"

"ಮದುವೆ ಗಿದುವೆ ಇಲ್ಲಮ್ಮಾ. ನಾನು ಶನಿವಾರ ಶನಿವಾರ ಸುಮ್ನೆ ಹೊರಗೆ ತೆಗೆಯೋದು."

"ಏನಾದ್ರೂ ಆಗ್ಲಿ, ನಾನೂರೈವತ್ನಾಲ್ಕಕ್ಕೆ ಒಂದು ಸಲ ಕಡೆದ್ರೆ ಸಾಲಲ್ಲ. ಐದಾರು ಸಲ ಕಡೀಬೇಕು. ಹಿಂದಿನ ದಿನವೇ ಹೇಳಿಬಿಡು, ಐಸು ತರಿಸ್ಬೇಕು."

ಐದಾರು ಸಲ! ಡೆಲ್ಬರ್ಟ್ ಹಿಂದೆ ಹಿಂದೆಯೇ ನಡೆದು ಮೆಟ್ಟಿಲಿಳಿದ.

ಬುಧವಾರದ ಹೊತ್ತಿಗೆ ಊರಿನಲ್ಲಿ ವೆನಿಲ್ಲಾ ಕಡೆತ, ಪೀಚ್ ಕಡೆತ ಎಂಬ ಮಾತುಗಳು ಚಾಲ್ತಿಗೆ ಬಂದಿದ್ದವು. ಸ್ಟ್ರಾಬೆರಿ ಎಂಬ ಮೂರನೆಯದೊಂದು ಇದೆಯೆಂದೂ, ಅದನ್ನು ರೇಸಿನವರು ನಿಷೇಧಿಸಿದ್ದಾರೆಂದೂ ಕ್ಷೌರಿಕನು ಕತ್ತರಿ ಆಡಿಸುತ್ತ ಪಿಸುಗುಟ್ಟಿದ. ತಾನು ಸ್ಟ್ರಾಬೆರಿಯನ್ನು ಕಣ್ಣಾರೆ ಕಂಡಿದ್ದೇನೆ ಎಂಬ ಇಬ್ಬರು ಸಾಕ್ಷಿಗಳೂ ಹುಟ್ಟಿಕೊಂಡರು. ಬಾಯ್ಡ್ ಅಂತೂ ಹೋದಲ್ಲೆಲ್ಲ ಗೋಳು. "ಚಿಕ್ಕಪ್ಪ ನಮ್ಮಕ್ಕಂಗೆ ಗುಟ್ಟಾಗಿ ಕಲಿಸಿಬಿಟ್ಟಿದಾನೆ ಕಣ್ರಯ್ಯಾ! ಒಡಹುಟ್ಟಿದ ತಮ್ಮ ನಾನು, ನಂಗೆ ತಿನ್ನೋಕೆ ಬರೀ ಐಸ್‌ಕ್ರೀಮ್ ಕೊಟ್ಟು ಕಳಿಸ್ತಿದ್ಲು!"

ಪಕ್ಕದ ಮನೆಯ ಆಲ್ಟಾ ಗ್ರಿಮ್ ಎಂಬಾಕೆ, ವಾಸದ ಬೀದಿಯಲ್ಲಿ ಕಾರ್ಖಾನೆ ನಡೆಯುತ್ತಿದೆ ಎಂದು ಜಿಲ್ಲಾ ಕಚೇರಿಗೆ ದೂರು ಕೊಟ್ಟಳು. ಇನ್‌ಸ್ಪೆಕ್ಟರ್ ಹಾಲಿಸ್ ಕ್ರಂಪ್ ಟೈ ಕಟ್ಟಿಕೊಂಡು ಬಂದ.

"ಇಲ್ಲಿ ಕಡೆಯೋ ಕೆಲಸ ನಡೀತಿದೆ ಅಂತ ದೂರು."

"ನಡೀತಿದೆ. ಏನೀಗ?" ಎಂದಳು ನೋರಿನ್.

"ಯಂತ್ರ ಎಲ್ಲಿ?"

ನೋರಿನ್ ಮೂಲೆಯಲ್ಲಿದ್ದ ಮರದ ಬಕೆಟ್ಟನ್ನು ತೋರಿಸಿದಳು. ಮೇಲೊಂದು ಹಿಡಿಕೆ, ಸುತ್ತ ಐಸು, ಉಪ್ಪು. ಕ್ರಂಪ್ ಅದರ ಸುತ್ತ ಪ್ರದಕ್ಷಿಣೆ ಹಾಕಿದ.

"ಇದರಲ್ಲಾ!"

"ಇದರಲ್ಲೇ. ಸುಮ್ನೆ ನಿಂತಿರೋ ಬದ್ಲು ಸ್ವಲ್ಪ ತಿರುಗಿಸಿ, ನಂಗೂ ಕೈ ಸೋತಿದೆ."

ಸರ್ಕಾರ ಕೋಟು ಬಿಚ್ಚಿ ಕುಳಿತು ಹಿಡಿಕೆ ತಿರುಗಿಸಿತು. ಬೆವರು ಸುರಿಸಿತು. ನೋರಿನ್ ಕೊಟ್ಟದ್ದನ್ನು ಬಟ್ಟಲುಗಟ್ಟಲೆ ತಿಂದಿತು. ನಿಜವಾದ ಸರಕನ್ನು ಮರೆಮಾಡಲು ಈಕೆ ಇದೇ ಬಕೆಟ್ಟಿನಲ್ಲಿ ಐಸ್‌ಕ್ರೀಮನ್ನೂ ಮಾಡುತ್ತಾಳೆಂದು ಕ್ರಂಪ್‌ಗೆ ಹೊಳೆದುಹೋಯಿತು, ಅವಳ ಬುದ್ಧಿಗೆ ಅವನು ಬೆರಗಾದ. ಹೊರಡುವಾಗ ಮೆಲ್ಲಗೆ ಹೇಳಿದ, "ನಾನು ಏನೂ ನೋಡಿಲ್ಲ. ನಂದು ಮಸ್ಟಾಂಗ್, ಮುನ್ನೂರೆರಡು. ಸರದಿ ಬಂದಾಗ ಮನಸ್ಸಲ್ಲಿರ್ಲಿ."

ಸಂಜೆ ವರ್ಲಿನ್ ಮನೆಗೆ ಬಂದಾಗ ನೋರಿನ್ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ಊರಿಗೆ ಏನು ಹೇಳಿ ಬಂದಿದೀಯ ಮಾರಾಯ? ನನ್ನ ಕಂಡ್ರೆ ಅಂಚೆಯವನೂ ಟೋಪಿ ತೆಗೀತಾನೆ!"

ವರ್ಲಿನ್ ಎಲ್ಲವನ್ನೂ ಹೇಳಿದ. ನೋರಿನ್ ಸೀದಾ ಹೊರಗೆ ಹೋಗಿ, ಶೆವೆಲ್ಲಿನ ಮುಚ್ಚಳದ ತುಟಿಯ ಕೆಳಗೆ ಎರಡು ಬೆರಳು ತೂರಿಸಿ, ಟಕ್ಕೆಂದು ಎತ್ತಿದಳು. ಒಳಗೆ ಎಂಜಿನ್ನಿನ ಮೇಲೆ ಚಿಕ್ಕಪ್ಪನ ಕೆಂಪು ಅಂಗಿಯ ಚೂರುಗಳಿಂದ ಕಟ್ಟಿದ ಇಲಿಯ ಗೂಡು. ಇಲಿ ಸಂಸಾರ ಖಾಲಿ ಮಾಡಿಕೊಂಡು ಹೋಗಿತ್ತು. ಹೋಗುವ ಮುಂಚೆ ಕಿಡಿ ಒಯ್ಯುವ ಎಂಟು ವೈರುಗಳಲ್ಲಿ ಒಂದನ್ನು ಕಡಿದುಹಾಕಿತ್ತು.

"ಎಂಟು ಸಿಲಿಂಡರಲ್ಲಿ ಒಂದು ಸತ್ತಿದೆ," ಎಂದಳು ನೋರಿನ್. "ಏಳರಲ್ಲಿ ಕುಂಟ್ತಾ ಇದೆ ಪಾಪದ್ದು. ಇದಕ್ಕೆ ಊರು ಅಡ್ಡಬಿದ್ದಿದ್ಯಾ! ಒಂದು ವೈರ್ ಹಾಕು, ಸರಿಹೋಗುತ್ತೆ."

"ನಾಳೆ ಹಾಕ್ತೀನಿ," ಎಂದ ವರ್ಲಿನ್.

ನಾಳೆ ಹಾಕಲಿಲ್ಲ, ನಾಡಿದ್ದೂ ಹಾಕಲಿಲ್ಲ. ಅವನು ಕೆಟ್ಟವನಲ್ಲ. ಆದರೆ ಮೇಬೆಲಳ ಹೋಟೆಲಿನಲ್ಲಿ ಅವನಿಗೆ ಈಗ ಒಂದು ಕುರ್ಚಿ ಇತ್ತು. ಅವನು ಕೆಮ್ಮಿದರೆ ಜನ ಮಾತು ನಿಲ್ಲಿಸುತ್ತಿದ್ದರು, ಅವನು "ನೋಡೋಣ" ಎಂದರೆ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಿದ್ದರು. ಅದು ಬಹಳ ಸುಖವಾಗಿತ್ತು.

ಆ ಸುಖಕ್ಕೆ ಮುಂದಿನ ವಾರದ ಶುಕ್ರವಾರ ಬೆಂಕಿ ಬಿತ್ತು. ಲೈಮನ್ ವಯಸ್ಸಾಯಿತೆಂದು ಅಂಗಡಿಯನ್ನೇ ಮುಚ್ಚಿ, ಊರು ಬಿಟ್ಟು ಇವಾನ್ಸ್‌ವಿಲ್‌ನ ಮಗಳ ಮನೆಗೆ ಹೊರಟಿದ್ದಾನೆಂದು ಊರಿಗೆ ಗೊತ್ತಿತ್ತು. ಅವನ ಅಂಗಡಿಯ ಒಳಕೋಣೆಯಲ್ಲಿ ಬಿಳಿ ಹಾಸಿನಡಿ ಒಂದು ನಾನೂರಿಪ್ಪತ್ತೇಳು ಇತ್ತು. ಯಾರಿಗೂ ಅಲ್ಲ, ತನಗಾಗಿಯೇ ಅವನು ವರ್ಷಾನುಗಟ್ಟಲೆ ಕೂತು ಕಟ್ಟಿದ ಎಂಜಿನ್ನು. ಅದನ್ನು ಯಾರಿಗೆ ಕೊಡುತ್ತಾನೋ ಎಂದು ಬಾಯ್ಡ್ ಚಳಿಗಾಲವೆಲ್ಲ ಅವನಿಗೆ ಹಣ್ಣು ತುಂಬಿ ಬೇಯಿಸಿದ ಪೈ ಹೊತ್ತು ಹಾಕಿದ್ದ. ಈಗ ಲೈಮನ್ ಸಾರಿಬಿಟ್ಟ: "ಅದು ವರ್ಲಿನ್‌ಗೆ. ನಾಳೆ ಎಲ್ರೂ ಬನ್ನಿ."

ಇದನ್ನು ಕೇಳಿ ವರ್ಲಿನ್‌ಗೆ ಅನ್ನ ಸೇರಲಿಲ್ಲ. ಊರಿನ ಕಿವಿಯ ಮೇಲೆ ಹೂವಿಡುವುದು ಒಂದು ಮಾತು. ಮುದುಕನ ಜೀವಮಾನದ ಕೆಲಸವನ್ನು ಇಲಿಯ ಹೆಸರಿನಲ್ಲಿ ಹೊಡೆದುಕೊಳ್ಳುವುದು ಬೇರೆ. ಅವನು ಒಪ್ಪಿಕೊಂಡುಬಿಡೋಣ ಎಂದು ಲೈಮನ್ನನ ಅಂಗಡಿಗೆ ನಡೆದ.

ಲೈಮನ್ ಬಾಗಿಲಿಗೆ ಬೆನ್ನು ಮಾಡಿ ಏನನ್ನೋ ಬಿಗಿಯುತ್ತಿದ್ದ. ಹಾಸು ತೆಗೆದಿತ್ತು. ವರ್ಲಿನ್ ಮೊದಲ ಸಲ ಆ ಎಂಜಿನ್ನನ್ನು ನೋಡಿದ, ನೋಡಿ ಬಂದ ಕೆಲಸ ಮರೆತ. ಕ್ರೋಮಿಲ್ಲ, ಬಣ್ಣದ ಆಟವಿಲ್ಲ. ಕಪ್ಪು ಕಬ್ಬಿಣ, ಎದೆಯಷ್ಟಗಲದ ಸಿಲಿಂಡರ್ ತಲೆಗಳು, ಎರಡೂ ಕಡೆ ಹೊರಗೆ ಹರಿದ ಹೊಗೆಕೊಳವೆಗಳು, ಒಂದು ಬೋಲ್ಟೂ ಇರಬಾರದ ಕಡೆ ಇರಲಿಲ್ಲ. ಎಂಜಿನ್ನೆಂದರೆ ಏನೆಂದು ತಿಳಿಯದ ವರ್ಲಿನ್ ಕೂಡ ಒಂದು ಹೆಜ್ಜೆ ಹಿಂದೆ ಸರಿದ. ಇದರ ಮುಂದೆ ಸುಳ್ಳು ಹೇಳಲು ಸಾಧ್ಯವೇ ಇಲ್ಲ ಎನಿಸಿತು.

ಜನ್ಮದಲ್ಲಿ ಮೊದಲ ಬಾರಿಗೆ ಅವನು ಮುಖ ನೋಡಿ ಮಾತಾಡಲಾರದೆ, ತನ್ನ ಬೂಟು ನೋಡುತ್ತ ಶುರುಮಾಡಿದ. "ಲೈಮನ್, ಅದು ಕ್ಯಾಮ್ ಅಲ್ಲ, ಇಲಿ. ನೋರಿನ್ ಕಡೆಯೋದು ಐಸ್‌ಕ್ರೀಮು. ನಂಗೆ ಮುಚ್ಚಳ ತೆಗೆಯೋಕೂ ಬರ್ತಿರ್ಲಿಲ್ಲ. ನಾನು ದೊಡ್ಡ ಮೋಸಗಾರ. ಇದನ್ನ ನಂಗೆ ಕೊಡ್ಬೇಡ."

ಲೈಮನ್ ಬಿಗಿಯುತ್ತಲೇ ಇದ್ದ.

"ಬೈದುಬಿಡು, ಪರವಾಗಿಲ್ಲ," ಎಂದ ವರ್ಲಿನ್.

ಅಷ್ಟರಲ್ಲಿ ಅಂಗಡಿಯ ಹಿಂದಿನ ಹಳಿಯ ಮೇಲೆ ಗೂಡ್ಸ್ ರೈಲು ಬಂತು. ಅದು ಕೂಗಿದ ಕೂಗಿಗೆ ವರ್ಲಿನ್ ಎರಡೂ ಕಿವಿ ಮುಚ್ಚಿಕೊಂಡ, ಕಿಟಕಿಯ ಗಾಜು ಗಲಗಲಿಸಿತು. ಲೈಮನ್ನನ ಕೈ ನಿಲ್ಲಲಿಲ್ಲ, ಕತ್ತು ಹೊರಳಲಿಲ್ಲ. ವರ್ಲಿನ್ ಅವನ ಬೆನ್ನನ್ನೇ ನೋಡಿದ. ಆಮೇಲೆ ಗಟ್ಟಿಯಾಗಿ ಹೇಳಿದ, "ಲೈಮನ್, ನಿನ್ನ ಟೋಪಿಗೆ ಬೆಂಕಿ ಬಿದ್ದಿದೆ!"

ಲೈಮನ್ ಸಿಳ್ಳೆ ಹಾಕುತ್ತ ಇನ್ನೊಂದು ಬೋಲ್ಟು ಎತ್ತಿಕೊಂಡ.

ವರ್ಲಿನ್ ಕಾಲು ಎಳೆಯುತ್ತ ಸುತ್ತು ಹಾಕಿ ಎದುರಿಗೆ ಬಂದು ನಿಂತ. ಲೈಮನ್ ತಲೆ ಎತ್ತಿದವನು ಸಂತೋಷದಿಂದ, "ಓ, ನೀನಾ! ಯಾವಾಗ ಬಂದೆ?" ಎಂದ.

ಮೂರು ಜಿಲ್ಲೆಗೆ ಹೆಸರಾದ ಕಿವಿ ಅದು! ಅಂಗೈಯ ನಡುಕದಲ್ಲಿ ಎಂಜಿನ್ನನ್ನೂ, ತುಟಿಯ ಮೇಲೆ ಮನುಷ್ಯರನ್ನೂ ಕೇಳುತ್ತಿದ್ದ ಮುದುಕ. ಊರೆಲ್ಲ ಕಾರ್ಬ್ಯುರೇಟರಿಗೆ ಮುಖ ಮಾಡಿ ಮಾತಾಡುತ್ತಿದ್ದರೆ ಪಾಪ ಅವನಿಗೇನು ತಿಳಿಯಬೇಕು? ವರ್ಲಿನ್ ಬೆರಗಿನಿಂದ ಬಾಯಿ ತೆರೆದ, ಆದರೆ ಲೈಮನ್ನನೇ ಮಾತು ತೆಗೆದ.

"ನಾಳೆ ಕೊನೇ ಸಲ ಎಲ್ರೂ ಬರ್ತಾರೆ ಕಣಯ್ಯಾ. ಮೊಣಕಾಲು ಹೋಯ್ತು, ಹಲ್ಲು ಹೋಯ್ತು. ಆದ್ರೂ 'ಲೈಮನ್, ಒಂಚೂರು ಕೇಳಿ ಹೇಳು' ಅಂತ ಇವತ್ತಿಗೂ ಬರ್ತಾರೆ ನೋಡು. ಅದೊಂದು ಇಲ್ದೆ ಹೋಗಿದ್ರೆ ನಾನು ಓಟ್ಸ್ ಗಂಜಿ ಕುಡಿಯೋ ಮುದುಕ, ಅಷ್ಟೆ."

ವರ್ಲಿನ್ ತೆರೆದ ಬಾಯನ್ನು ಮುಚ್ಚಿಕೊಂಡು ಮನೆಗೆ ಬಂದ.

ಶನಿವಾರ ಲೈಮನ್ನನ ಅಂಗಡಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇನ್‌ಸ್ಪೆಕ್ಟರ್ ಕ್ರಂಪ್ ಟೈ ಇಲ್ಲದೆ ಬಂದಿದ್ದ. ದೂರು ಕೊಟ್ಟ ಆಲ್ಟಾ ಗ್ರಿಮ್ ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಕೊಂಡಿದ್ದಳು. ಕಬ್ಬಿಣದ ಚೌಕಟ್ಟಿನ ಮೇಲೆ ನಾನೂರಿಪ್ಪತ್ತೇಳು ಬಿಸಿಲಿಗೆ ಬಂದಿತ್ತು, ಅದನ್ನು ಕಂಡವರೆಲ್ಲ ದನಿ ತಗ್ಗಿಸಿದ್ದರು. ನೋರಿನ್ ಬಕೆಟ್ಟು ತಂದಿದ್ದಳು. ಅವಳಿಗೆ ದಾರಿ ಬಿಡಲು ಜನ ಎರಡು ಪಾಲಾದರು.

ವರ್ಲಿನ್ ಶೆವೆಲ್ ತಂದು ನಿಲ್ಲಿಸಿದ. ದಡಗ್... ದಡ-ದಡಗ್. ಎಂಜಿನ್ ಆರಿಸಿ ಇಳಿದನೋ ಇಲ್ಲವೋ, ಬಾಯ್ಡ್ ನುಗ್ಗಿದ. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ, ಕಟ್ಟಳೆಯೂ ಇಲ್ಲ. ಎಲ್ಲರೂ ನೋಡನೋಡುತ್ತಿದ್ದಂತೆ ಭಾವನ ಮುಚ್ಚಳಕ್ಕೆ ಕೈ ಹಾಕಿ ಎತ್ತಿಯೇಬಿಟ್ಟ.

ಕೆಂಪು ಅಂಗಿಯ ಗೂಡು, ಪಕ್ಕದಲ್ಲಿ ಕಡಿದ ವೈರು ಎಲ್ಲರ ಕಣ್ಣಿಗೆ ಬಿದ್ದವು.

"ಕಡೆದದ್ದು ನಮ್ಮಕ್ಕ ಅಲ್ಲ ಕಣ್ರಯ್ಯಾ!" ಎಂದು ಬಾಯ್ಡ್ ಕುಣಿದ. "ಕಡಿದದ್ದು ಇಲಿ! ಕ್ಯಾಮೂ ಇಲ್ಲ ಗೀಮೂ ಇಲ್ಲ, ಏಳರಲ್ಲಿ ಕುಂಟ್ತಾ ಇದೆ! ಈ ಕುಂಟಂಗೆ ಲೈಮನ್ ಟೋಪಿ ತೆಗೆದ!"

ಯಾರೂ ನಗಲಿಲ್ಲ. ಎಲ್ಲರ ಮುಖವೂ ಮೆಲ್ಲಗೆ ಲೈಮನ್ನನ ಕಡೆ ತಿರುಗಿತು. ಅವನು ಆಚೆ ಬದಿಯಲ್ಲಿ ತನ್ನ ಎಂಜಿನ್ನಿನ ಧೂಳು ಒರೆಸುತ್ತ ನಗುಮುಖದಲ್ಲಿ ನಿಂತಿದ್ದ. "ಕಿವಿ ಹೋಗಿದೆಯೇನೋ ಮುದುಕಂಗೆ..." ಎಂದು ಹಿಂದಿನಿಂದ ಯಾರೋ ಅಂದರು. ಆ ಮಾತು ಇನ್ನೊಂದು ಕ್ಷಣ ಬೆಳೆದಿದ್ದರೆ ಲೈಮನ್ ಪ್ರೌಟ್ ಓಟ್ಸ್ ಗಂಜಿಯ ಮುದುಕನಾಗಿ ಊರು ಬಿಡುತ್ತಿದ್ದ.

ವರ್ಲಿನ್ ಶೆವೆಲ್ಲಿನ ಬಂಪರ್ ಮೇಲೆ ಹತ್ತಿ ನಿಂತ.

"ಲೈಮನ್‌ಗೆ ಮೊದ್ಲ ದಿನವೇ ಗೊತ್ತಿತ್ತು!" ಎಂದು ಕೂಗಿದ. "ಕಾರು ಮುಟ್ಟಿದ್ದೇ ತಡ, ನನ್ನ ಕಿವೀಲಿ ಹೇಳಿದ. 'ಲೋ, ಏಳೇ ಓಡ್ತಿದೆ, ಇಲಿ ವೈರ್ ಕಡಿದಿದೆ ನೋಡು' ಅಂದ. ನಾನೇ ಕಾಲು ಹಿಡಿದು ಯಾರಿಗೂ ಹೇಳ್ಬೇಡ ಅಂದೆ. ನನ್ನ ಮರ್ಯಾದೆ ಉಳಿಸೋಕೆ ಅವನು ಸುಮ್ನಿದ್ದ. ನಂಗೆ ಮುಚ್ಚಳ ತೆಗೆಯೋಕೂ ಬರ್ತಿರ್ಲಿಲ್ಲ ಕಣ್ರೋ! ನೋರಿನ್ ಕಡೆಯೋದು ಐಸ್‌ಕ್ರೀಮು!"

"ಇಲಿ ಅಂತಾನೇ ಅಂದ್ನಾ?" ಎಂದ ಡೆಲ್ಬರ್ಟ್, ಬಾಯಿ ಬಿಟ್ಟು.

"ಹೆಣ್ಣಿಲಿ ಅಂದ."

ಅಂಗಳದಲ್ಲಿ ಗುಜುಗುಜು ಹಬ್ಬಿತು. ಬಾಯ್ಡ್ ಸೋಲಲೊಲ್ಲ. "ಹಾಗಾದ್ರೆ ಟೋಪಿ ಯಾಕೆ ತೆಗೆದ?"

ವರ್ಲಿನ್ ಕಡಿದ ವೈರಿನ ಕಡೆ ನೋಡಿದ. ಆಮೇಲೆ ದೇವರೇ ನಾಲಿಗೆಯ ಮೇಲೆ ಬಂದು ಕೂತ. "ಸತ್ತ ಎಂಟನೇದಕ್ಕೆ ಮರ್ಯಾದೆ ಕಣಯ್ಯಾ! ಸತ್ತೋರ ಮುಂದೆ ಟೋಪಿ ತೆಗೀಬೇಕು ಅಂತ ನಿಮ್ಮಪ್ಪ ಕಲಿಸ್ಲಿಲ್ವಾ?"

ಚಪ್ಪಾಳೆಯ ಸದ್ದಿಗೆ ಪಾರಿವಾಳಗಳು ಹಾರಿದವು. ಇಂಥ ಕಿವಿ ಭೂಮಿಯ ಮೇಲೆ ಇನ್ನೊಂದಿಲ್ಲವೆಂದು ಕ್ರಂಪ್ ಕಣ್ಣೊರೆಸಿಕೊಂಡ. ವರ್ಲಿನ್ ಅಂತೂ ಜನರ ಕಣ್ಣಲ್ಲಿ ಮೂರು ಕಾಸಿಗೂ ಬೇಡವಾದ. "ಇಲಿ ಸಾಹುಕಾರ!" ಎಂದು ಯಾರೋ ಕೂಗಿದರು, ಆ ಹೆಸರು ಅಲ್ಲೇ ಅವನಿಗೆ ಅಂಟಿತು. ಮೇಬೆಲಳ ಹೋಟೆಲಿನ ಕುರ್ಚಿ ಹೋಯಿತೆಂದು ಅವನಿಗೆ ತಿಳಿಯಿತು. ಬೇಸರವೂ ಆಯಿತು.

ಲೈಮನ್ ಕೈಬೀಸಿ ಅವನನ್ನು ಹತ್ತಿರ ಕರೆದ. "ಏನಂತೆ? ಯಾಕೆ ನಂಗೆ ಚಪ್ಪಾಳೆ ಹೊಡೀತಿದಾರೆ?"

ವರ್ಲಿನ್ ಜನರಿಗೆ ಬೆನ್ನು ಮಾಡಿ, ದನಿಯಿಲ್ಲದೆ, ಬರೀ ತುಟಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದ. ಇಲಿ. ವೈರು. ಐಸ್‌ಕ್ರೀಮು. ತಪ್ಪಾಯ್ತು. ನಿನಗೆ ಮೊದ್ಲೇ ಗೊತ್ತಿತ್ತು ಅಂದುಬಿಟ್ಟೆ.

ಲೈಮನ್ ಆ ತುಟಿಗಳನ್ನೇ ನೋಡಿದ. ಮುಖ ಕಳೆಗುಂದಿತು. "ನಿಂಗೆ ಯಾವಾಗ ತಿಳೀತು?" ಎಂದು ಪಿಸುಗುಟ್ಟಿದ.

"ನಿನ್ನೆ ಟೋಪಿಗೆ ಬೆಂಕಿ ಬಿದ್ದಿದೆ ಅಂದೆ. ನೀನು ಮುಟ್ಟಿ ನೋಡ್ಕೊಳ್ಳಲಿಲ್ಲ."

ಮುದುಕನ ಭುಜ ಅಲುಗತೊಡಗಿತು. ಅಳುತ್ತಾನೇನೋ ಎಂದು ವರ್ಲಿನ್‌ಗೆ ಹೆದರಿಕೆಯಾಯಿತು. ಲೈಮನ್ ನಗುತ್ತಿದ್ದ. ನಕ್ಕು ನಕ್ಕು ಹಲ್ಲಿನ ಸೆಟ್ಟು ಸಡಿಲಾಗಿ, ಕೈಯಲ್ಲಿ ಹಿಡಿದುಕೊಂಡ.

"ಈ ಊರಲ್ಲಿ ನಂಗೆ ಮುಖ ಕೊಟ್ಟು ಮಾತಾಡೋನು ನೀನೊಬ್ಬನೇ ಕಣೋ. ಮಿಕ್ಕೋರೆಲ್ಲ ಏನಂದ್ರು ಅಂತ ಒಂಬತ್ತು ವರ್ಷದಿಂದ ನಂಗೆ ಗೊತ್ತೇ ಇಲ್ಲ." ಆಮೇಲೆ ಅಂಗಳಕ್ಕೆಲ್ಲ ಕೇಳುವಂತೆ ಸಾರಿದ, "ಎಂಜಿನ್ ವರ್ಲಿನ್‌ಗೇ!"

"ಇಲಿ ಸಾಕಿದೋನಿಗಾ!" ಎಂದು ಅವನ ಬೆನ್ನ ಹಿಂದೆ ಬಾಯ್ಡ್ ಕಿರುಚಿದ. "ನಾನು ತಂದ ಪೈಗಳ ಗತಿ ಏನು?"

ಲೈಮನ್ ತಿರುಗಿಯೂ ನೋಡಲಿಲ್ಲ. ದೊಡ್ಡವರು ಸಣ್ಣ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲವೆಂದು ಜನ ಮತ್ತೆ ಮೆಚ್ಚಿದರು.

ಅವನು ಬ್ಯಾಟರಿಯ ತಂತಿ ಸಿಕ್ಕಿಸಿದ. ಬೆಂಕಿಯ ನಾಲಗೆ ಕೊಳವೆಯ ತುದಿಯಲ್ಲಿ ಒಮ್ಮೆ ನೀಲಿಯಾಗಿ ಮಿಂಚಿತು, ನಾನೂರಿಪ್ಪತ್ತೇಳು ಎಚ್ಚೆತ್ತಿತು. ಮೊದಲು ನೆಲ ನಡುಗಿತು, ಆಮೇಲೆ ನಿಂತವರ ಎದೆಗೂಡು. ಅಂಗಡಿಯ ತಗಡು ಬಡಿದುಕೊಂಡಿತು. ಆಲ್ಟಾ ಗ್ರಿಮ್ ಕುರ್ಚಿಯಿಂದ ಎದ್ದು ಎದೆಯ ಮೇಲೆ ಕೈ ಇಟ್ಟುಕೊಂಡಳು. ಬಾಯ್ಡ್ ಕೂಡ ಬಾಯಿ ಮುಚ್ಚಿ ಟೋಪಿ ತೆಗೆದ. ಸದ್ದು ಅಂಗಳ ತುಂಬಿ, ಬೀದಿ ತುಂಬಿ, ಜೋಳದ ಹೊಲದ ಮೇಲೆ ಹಾಯಿತು.

ಲೈಮನ್ ಒಂದು ಅಂಗೈಯನ್ನು ಚೌಕಟ್ಟಿನ ಮೇಲೆ ಇಟ್ಟಿದ್ದ. ಇನ್ನೊಂದು ಕೈಯಿಂದ ವರ್ಲಿನ್‌ನ ಕೈ ಹಿಡಿದೆಳೆದು, ತನ್ನ ಕೈಯ ಪಕ್ಕದಲ್ಲಿ ಒತ್ತಿ ಇಟ್ಟ. ಕಬ್ಬಿಣದೊಳಗಿಂದ ಒಂದೊಂದು ಬಡಿತವೂ ವರ್ಲಿನ್‌ನ ಬೆರಳಿಗೆ ಹತ್ತಿ, ಮೊಣಕೈ ದಾಟಿ, ಎದೆಗೆ ಬಂತು. ಅವನು ಕಣ್ಣು ಮುಚ್ಚಿದ. ಆಮೇಲೆ ಕಣ್ಣು ತೆರೆದು, ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಮುಖಕ್ಕೆ ಮುಖ ಕೊಟ್ಟು ನಿಂತ.

"ಕೇಳಿಸ್ತಾ?" ಎಂದ ಲೈಮನ್.

"ಕೇಳಿಸ್ತು."

"ಎಷ್ಟು?"

"ಎಂಟೂ," ಎಂದ ವರ್ಲಿನ್.